ತೊದಲು ಮರೆತ ಕಾವಲುಗಾರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ನಡೆದ ಕಥೆ. ನಡೆದದ್ದಷ್ಟೇ ಅಲ್ಲ, ಎಡವಿದ್ದು, ತೆವಳಿದ್ದು, ಕೊನೆಗೆ ಪೊರಕೆಗಳ ನಡುವೆ ಮುದುಡಿ ಕೂತದ್ದು ಎಲ್ಲವೂ ಇದರಲ್ಲಿದೆ.

ಕೂತವನು ರೈಲು ನಿಲ್ದಾಣದ ಅನೌನ್ಸರ್. ಊರಿನಲ್ಲಿ ಅವನ ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ರೈಲೇ ಕಣ್ಣೆದುರು ಬಂದು ನಿಂತಿದ್ದರೂ ಜನ ಅದನ್ನು ನಂಬುವುದಿಲ್ಲ. ಕಂಬದ ಮೇಲಿನ ಸ್ಪೀಕರು ಹೇಳಿದ ಮೇಲೆಯೇ ಪೆಟ್ಟಿಗೆ ಎತ್ತುವುದು. ಆ ನಂಬಿಕೆಯ ಮೇಲೆ ಸವಾರಿ ಮಾಡಿಯೇ ಅವನಿಗೆ ಅಭ್ಯಾಸ. ಕಾಲೇಜಿನಲ್ಲಿ ಓದುವಾಗ ಮೇಷ್ಟ್ರುಗಳ ದನಿ ತೆಗೆದು ಪಕ್ಕದ ತರಗತಿಗೆ ರಜೆ ಕೊಟ್ಟ ಪುಣ್ಯಾತ್ಮ. ಈಗ ಸ್ಟೇಷನ್ ಮಾಸ್ಟರ್, ಟಿಕೆಟ್ ಕಲೆಕ್ಟರ್, ಅತ್ತೆ, ಮಾವ, ಯಾರ ದನಿಯನ್ನೂ ಬಿಟ್ಟವನಲ್ಲ. ಆದರೆ ಮನೆಯಲ್ಲಿ ಊಟಕ್ಕೆ ಕೂತಾಗ ಅವನ ಖಾಯಂ ಐಟಂ ಎಂದರೆ ಭಾಮೈದ.

ಹೆಂಡತಿಯ ಈ ತಮ್ಮ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್. ಅಕ್ಕನ ಮನೆಯಲ್ಲೇ ವಾಸ. ಪುಸ್ತಕದ ಸಾವಿರ ಹಾಳೆಯನ್ನು ಜೋಡಿಸಬಲ್ಲವನಿಗೆ ಒಂದು ಮಾತಿನ ಮೊದಲೆರಡು ಅಕ್ಷರ ಜೋಡಿಸುವುದು ಕಷ್ಟವಾಗಿತ್ತು. "ಅಕ್ಕಾ, ನೀ… ನೀ…" ಅನ್ನುವಷ್ಟರಲ್ಲಿ ಅನೌನ್ಸರ್ ಮೂಗು ಹಿಡಿದು ಸ್ಪೀಕರಿನ ದನಿ ತೆಗೆಯುತ್ತಿದ್ದ.

"ದಯವಿಟ್ಟು ಗಮನಿಸಿ! ನೀ… ನೀ… ನೀರು ಎಕ್ಸ್‌ಪ್ರೆಸ್ ಸ್ವಲ್ಪ ತಡವಾಗಿ ಚಲಿಸುತ್ತಿದೆ!"

ಮಕ್ಕಳು ತಟ್ಟೆ ಬಡಿದು ನಗುತ್ತಿದ್ದವು. ಹೆಂಡತಿ "ಸಾಕು ಸುಮ್ನಿರ್ರೀ" ಎಂದು ಗದರುತ್ತಲೇ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ನೀರಿನ ಲೋಟ ಬರುವ ಹೊತ್ತಿಗೆ ಬೈಂಡರನ ಊಟವೇ ಮುಗಿದಿರುತ್ತಿತ್ತು.

ಆ ಬೇಸಿಗೆಯಲ್ಲಿ ನಿಲ್ದಾಣದ ಚಾವಣಿ ರಿಪೇರಿಗೆ ಬಂದು ಅನೌನ್ಸರನಿಗೆ ರಜೆ ಸಿಕ್ಕಿತು. ಗ್ರಂಥಾಲಯಕ್ಕೆ ಗೆದ್ದಲು ಹಿಡಿದು, ಔಷಧಿ ಹೊಡೆಯುವವರೆಗೆ ಬಾಗಿಲು ಹಾಕಿದ್ದರಿಂದ ಬೈಂಡರನಿಗೂ ರಜೆ. ಇಬ್ಬರು ಗಂಡಸರು ಹಗಲೆಲ್ಲಾ ಮನೆಯಲ್ಲಿ ಕಾಲಿಗೆ ತೊಡರತೊಡಗಿದಾಗ ಹೆಂಡತಿಯ ತಾಳ್ಮೆ ಹಳಿ ತಪ್ಪಿತು. ಮನಃಶಾಸ್ತ್ರದ ಪ್ರೊಫೆಸರ್ ಒಬ್ಬರು ಕಾಲೇಜಿನಲ್ಲಿ ಪ್ರಯೋಗಕ್ಕೆಂದು ಸುಳ್ಳುಸುಳ್ಳೇ ಒಂದು ಜೈಲು ಕಟ್ಟಿ, ಅದರಲ್ಲಿರಲು ಜನ ಹುಡುಕುತ್ತಿದ್ದಾರೆಂಬ ಸುದ್ದಿ ತಂದವಳೂ ಅವಳೇ.

"ರೀ, ಇಬ್ರೂ ಹೋಗಿ ಜೈಲಲ್ಲಾದ್ರೂ ಕೂತು ಬನ್ನಿ. ಮನೆ ಒಂಚೂರು ಉಸಿರಾಡ್ಲಿ."

"ಗಂಡನ್ನ ಕೈಯಾರೆ ಜೈಲಿಗೆ ಕಳಿಸೋ ಹೆಂಡ್ತೀನ ಇವತ್ತೇ ಕಣೇ ನೋಡಿದ್ದು."

"ಜಾಮೀನಿಗೆ ನಾನು ಬರಲ್ಲ. ಈಗ್ಲೇ ಹೇಳಿದೀನಿ."

ಮನಃಶಾಸ್ತ್ರಕ್ಕಿಂತ ಮನೆಶಾಸ್ತ್ರ ಕಠಿಣವೆಂದು ಗೊತ್ತಿದ್ದ ಅನೌನ್ಸರ್ ಮರುಮಾತಿಲ್ಲದೆ ಹೊರಟ. ಹಿಂದೆ ಬೈಂಡರ್.

ವಿದ್ಯಾರ್ಥಿಗಳು ರಜೆಗೆ ಹೋಗಿ ಖಾಲಿಯಾಗಿದ್ದ ಹಾಸ್ಟೆಲ್ಲಿನ ನೆಲಮಾಳಿಗೆಯೇ ಜೈಲು. ಟ್ರಂಕು ಇಡುವ ಕೋಣೆಗಳಿಗೆ ಕಬ್ಬಿಣದ ಸರಳಿನ ಬಾಗಿಲು ಹಾಕಿ ಸೆಲ್ಲು ಮಾಡಿದ್ದರು. ಉದ್ದನೆಯ ಓಣಿ, ಓಣಿಯ ಕೊನೆಯಲ್ಲಿ ಪೊರಕೆ, ಬಕೆಟ್ಟು, ಸೋಪು ತುಂಬಿದ ಕಿಟಕಿಯಿಲ್ಲದ ಗೂಡು. ಅದಕ್ಕೆ 'ಕತ್ತಲೆ ಕೋಣೆ' ಎಂಬ ಬಿರುದು. ನಾಲ್ಕು ಮೆಟ್ಟಿಲು ಮೇಲೆ ಸೂಪರಿಂಟೆಂಡೆಂಟರ ಕೊಠಡಿ. ಅದರ ಗೋಡೆಯಲ್ಲೊಂದು ಕಪ್ಪು ಗಾಜು: ಒಳಗಿನಿಂದ ನೋಡಿದರೆ ಓಣಿ ಪೂರ್ತಿ ಕಾಣುತ್ತದೆ, ಓಣಿಯಿಂದ ನೋಡಿದರೆ ನಿಮ್ಮ ಮುಖವೇ ನಿಮಗೆ.

ಸೂಪರಿಂಟೆಂಡೆಂಟ್ ಅಂದರೆ ಪ್ರೊಫೆಸರೇ. ಮೂಗಿನಲ್ಲಿ ಮಾತಾಡುವ ತೆಳ್ಳನೆಯ ಮನುಷ್ಯ.

"ಅಂದರೆ ಏನಪ್ಪಾ ಅಂದರೆ," ಎಂದು ಅವರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು, "ಮನುಷ್ಯ ಕೆಟ್ಟವನಾ, ಅವನಿಗೆ ಕೊಟ್ಟ ಪಾತ್ರ ಕೆಟ್ಟದ್ದಾ ಅನ್ನೋದು ನಮ್ಮ ಪ್ರಶ್ನೆ. ಯಾರು ಕೈದಿ, ಯಾರು ಕಾವಲು ಅನ್ನೋದು ಚೀಟಿ ಎತ್ತಿದ ಹಾಗೆ. ಕೈ ಮಾಡೋ ಹಾಗಿಲ್ಲ. ಮಿಕ್ಕಿದ್ದು ಕಾವಲಿನವರಿಗೆ ಬಿಟ್ಟದ್ದು. ನನ್ನ ಆಜ್ಞೆ ಬರೋದು ಸ್ಪೀಕರಿನಿಂದ ಮಾತ್ರ. ಎದುರಿಗೆ ನಿಂತು ನಾನೇ ಏನಾದ್ರೂ ಹೇಳಿದ್ರೂ ಅದು ಆಜ್ಞೆ ಅಲ್ಲ. ಯಾರಿಗಾದ್ರೂ ಬೇಡ ಅನ್ನಿಸಿದ್ರೆ 'ನಾನು ಹೊರಟೆ' ಅನ್ನಿ, ಬಾಗಿಲು ತೆಗೀತಾರೆ."

ಬೈಂಡರ್ ಎತ್ತಿದ ಚೀಟಿಯಲ್ಲಿ ಕಾವಲು. ಅನೌನ್ಸರ್ ಎತ್ತಿದ್ದರಲ್ಲಿ ಕೈದಿ. ಭಾಮೈದನಿಗೆ ಖಾಕಿ, ಕಪ್ಪು ಕನ್ನಡಕ, ಮರದ ಲಾಠಿ. ಭಾವನಿಗೆ ಮೊಣಕಾಲಿನವರೆಗಿನ ಗೋಣಿಯಂಥ ಅಂಗಿ, ಜೊತೆಗೆ ಎಲ್ಲರ ತಟ್ಟೆ ಲೋಟ ಉಜ್ಜುವ ಕೆಲಸ.

"ನೋಡೋ, ನನಗೆ ಪಾತ್ರೆ ತೊಳೆಯೋ ಪಾತ್ರ," ಎಂದು ಅನೌನ್ಸರ್ ಕಣ್ಣು ಹೊಡೆದ. ಬೈಂಡರ್ ಕನ್ನಡಕ ಏರಿಸಿಕೊಂಡ. ಅವನ ಕಣ್ಣು ಎತ್ತ ನೋಡುತ್ತಿದೆ ಎಂಬುದು ಅಲ್ಲಿಂದ ಮುಂದೆ ಯಾರಿಗೂ ತಿಳಿಯಲಿಲ್ಲ.

ಮೊದಲ ದಿನ ಮದುವೆ ಮನೆಯ ಗಲಾಟೆ. ಹಾಜರಿ ಕರೆದರೆ ಅನೌನ್ಸರ್ "ನಿಲ್ದಾಣಕ್ಕೆ ಬಂದು ತಲುಪಿದೆ" ಅನ್ನುತ್ತಿದ್ದ. ಕಾವಲಿನವರೇ ಲಾಠಿ ಗೋಡೆಗೊರಗಿಸಿ ನಗುತ್ತಿದ್ದರು. ಅವನ ಸೆಲ್ಲಿನ ಜೊತೆಗಾರ ಒಬ್ಬ ಗಡಿಯಾರ ರಿಪೇರಿಯವನು. ಸದಾ ಒಂದು ಕಣ್ಣು ಕಿರಿದು ಮಾಡಿಯೇ ಜಗತ್ತನ್ನು ನೋಡುವ ಆಸಾಮಿ. "ಇಂಥ ಜೈಲಾದ್ರೆ ಜೀವಾವಧಿ ಆದ್ರೂ ಸರಿ ಸ್ವಾಮಿ," ಎಂದು ಹೊಟ್ಟೆ ಹಿಡಿದುಕೊಂಡ.

ಮರುದಿನ ಬೆಳಿಗ್ಗೆ ಸರಳಿಗೆ ಲಾಠಿ ಬಡಿದ ಸದ್ದಾಯಿತು.

"ಏಯ್, ಎದ್ದೇಳು."

ಅನೌನ್ಸರ್ ಹೊದಿಕೆಯೊಳಗಿನಿಂದಲೇ ಯೋಚಿಸಿದ, ಇದ್ಯಾವನು ಹೊಸ ಕಾವಲು?

"ಹೇಳಿದ್ದು ನಿನಗೆ. ಗೋಡೆಗಲ್ಲ."

ತಲೆ ಹೊರಹಾಕಿದರೆ ಬೈಂಡರ್. ಅಕ್ಕನ ಮದುವೆಯಾದ ಲಾಗಾಯ್ತಿನಿಂದ 'ಭಾವ, ನೀವು, ತಾವು' ಬಿಟ್ಟು ಬೇರೆ ಮಾತಾಡದ ನಾಲಿಗೆ ಇಂದು ಏಕವಚನದಲ್ಲಿ, ಅದೂ ಒಂದಕ್ಷರವೂ ತಡವರಿಸದೆ, ಎಣ್ಣೆ ಹಾಕಿದ ಗಾಲಿಯಂತೆ ಉರುಳುತ್ತಿತ್ತು.

"ಏನೋ ಇದು!" ಅನೌನ್ಸರ್ ನಗಲು ನೋಡಿದ. "ರಾತ್ರಿಯೆಲ್ಲಾ ಗಂಟಲಿಗೂ ಬೈಂಡಿಂಗ್ ಮಾಡ್ಕೊಂಡ್ಯಾ?"

"ಹೊರಗೆ ಬಾ."

ಓಣಿಯಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಬೈಂಡರ್ ಸ್ಟೂಲು ಎಳೆದು ಕೂತ.

"ನೀನು ಅಣಕ ಮಾಡೋದ್ರಲ್ಲಿ ನಿಸ್ಸೀಮ ಅಂತೆ. ನಿನ್ನ ಭಾಮೈದನ್ನ ಮಾಡಿ ತೋರಿಸು. ಊಟಕ್ಕೆ ಕೂತಾಗ ಮಾಡ್ತೀಯಲ್ಲ, ಅದೇ."

ಅನೌನ್ಸರ್ ಸುತ್ತ ನೋಡಿದ. ಎಲ್ಲರೂ ಕಾಯುತ್ತಿದ್ದರು. ಕಲಾವಿದನ ಹುಚ್ಚು ಸುಮ್ಮನಿರಲಿಲ್ಲ, ಮಾಡಿದ. "ಅಕ್ಕಾ, ನೀ… ನೀ… ನೀರು." ನಗೆ ಉಕ್ಕಿತು.

"ಇನ್ನೊಂದ್ಸಲ."

ಮಾಡಿದ. ನಗೆ ಬಂತು.

"ಇನ್ನೊಂದ್ಸಲ."

ಅರ್ಧ ನಗೆ ಬಂತು. ಬೈಂಡರ್ ಏಳಲಿಲ್ಲ, ಬೈಯಲಿಲ್ಲ, ಲಾಠಿ ಎತ್ತಲೂ ಇಲ್ಲ. ರಟ್ಟಿನ ಅಂಚಿಗೆ ಗೋಂದು ಕೂರಿಸುವವನ ಸಾವಧಾನದಿಂದ "ಇನ್ನೊಂದ್ಸಲ, ಇನ್ನೊಂದ್ಸಲ" ಅನ್ನುತ್ತಲೇ ಹೋದ. ನಗೆ ತೆಳುವಾಯಿತು, ಕೆಮ್ಮಾಯಿತು, ಕಾಲು ಬದಲಿಸುವ ಸದ್ದಾಯಿತು, ಆಮೇಲೆ ಅದೂ ನಿಂತಿತು. ಓಣಿಯಲ್ಲಿ ಉಳಿದದ್ದು "ನೀ… ನೀ…" ಒಂದೇ. ನಿಜವಾಗಿಯೂ ಗಂಟಲು ಒಣಗಿ ನೀರು ಕೇಳಲೆಂದು ಅನೌನ್ಸರ್ ಬಾಯಿ ತೆರೆದಾಗಲೂ ಬಂದದ್ದು ಅದೇ. ಅದು ಅಣಕವೋ ಅಸಲೋ ಯಾರಿಗೂ ಗೊತ್ತಾಗಲಿಲ್ಲ. ಯಾರೂ ನೀರು ಕೊಡಲಿಲ್ಲ.

ಅವನೊಳಗೆ ಹುಳ ಹೊಕ್ಕಿತು. ಈ ತೊದಲು ಎಲ್ಲಿ ಹೋಯಿತು? ಖಾಕಿ ತೊಟ್ಟರೆ ಬಿಟ್ಟುಹೋಗುವ ಕಾಯಿಲೆಯೇ ಅದು? ಇಲ್ಲಾ ಇಷ್ಟು ವರ್ಷ ನನ್ನೆದುರು ನಾಟಕವಾಡುತ್ತಿದ್ದನೇ? ಈಗಿನದು ನಾಟಕವಾದರೆ ಸರಿ, ನಾಳೆ ಮನೆಗೆ ಹೋಗಿ ಒಟ್ಟಿಗೆ ಕೂತು ಉಣ್ಣಬಹುದು. ಈಗಿನದೇ ಅಸಲಾದರೆ? ಒಂದೇ ಸೂರು, ಒಂದೇ ಊಟದ ಮೇಜು. ಎದುರಿಗೆ ಕೂತವನು ಒಳಗೊಳಗೇ ಹಲ್ಲು ಮಸೆಯುತ್ತಿದ್ದಾನೆಂದು ತಿಳಿದ ಮೇಲೆ ತುತ್ತು ಗಂಟಲಲ್ಲಿ ಇಳಿಯುವುದಾದರೂ ಹೇಗೆ?

"ಪ್ರೊಫೆಸರು ಹೇಳಿಕೊಟ್ಟಿರ್ತಾರೆ," ಗಡಿಯಾರ ರಿಪೇರಿಯವನು ಕಿವಿಯಲ್ಲಿ ಉಸುರಿದ. "ಮುಳ್ಳು ತಾನಾಗಿ ತಿರುಗಲ್ಲ ಸ್ವಾಮಿ. ಒಳಗೆ ಯಾರೋ ಕೀ ಕೊಟ್ಟಿದ್ದಾರೆ."

"ನಿಮಗೆ ಹೇಗೆ ಗೊತ್ತು?"

"ಹಂಗನ್ನಿಸ್ತು."

ಹೀಗನ್ನುವ ಇವನು ಯಾರು? ಇವನಿಗೆ ಇದುವರೆಗೆ ಒಂದು ಶಿಕ್ಷೆಯೂ ಆಗಿಲ್ಲವಲ್ಲ. ನನ್ನ ಸೆಲ್ಲಿಗೇ ಇವನನ್ನು ಯಾಕೆ ಹಾಕಿದರು? ಒಂದು ಕಣ್ಣು ಮುಚ್ಚಿ ನೋಡುವವನು ಎರಡೂ ಕಿವಿ ತೆರೆದಿಟ್ಟಿರಬಹುದು. ಅನೌನ್ಸರ್ ಅಂದಿನಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆಮೇಲೆ ಆ ಗೋಡೆಯ ಮೇಲೂ ಅನುಮಾನ ಬಂದು ಬೆರಳಿನಿಂದ ತಟ್ಟಿ ನೋಡಿದ.

ಪಕ್ಕದ ಸೆಲ್ಲಿನಲ್ಲಿದ್ದ ಸಂಗೀತದ ಮೇಷ್ಟ್ರು ಅವತ್ತು ಮಧ್ಯಾಹ್ನ "ನಾನು ಹೊರಟೆ" ಎಂದರು. ಬಾಗಿಲು ತೆರೆಯಿತು, ಹೋದರು. ಅಷ್ಟು ಸಲೀಸು. ಅನೌನ್ಸರನೂ ಹೊರಡಬಹುದಿತ್ತು. ಆದರೆ ಬಂದೀಖಾನೆಗೆ ಬಂದೂ ಖಾಲಿ ಕೈಯಲ್ಲಿ ಹೋಗುವುದೆಂತು? ಈ ಅನುಮಾನವನ್ನು ಹೊತ್ತು ಮನೆಗೆ ಹೋದರೆ ಅಲ್ಲಿ 'ನಾನು ಹೊರಟೆ' ಅನ್ನುವ ಬಾಗಿಲೇ ಇಲ್ಲ.

ನಲ್ಲಿಯ ಹತ್ತಿರ ಲೋಟ ತೊಳೆಯುವಾಗ ಒಂದು ಗಳಿಗೆ ಇಬ್ಬರೇ ಸಿಕ್ಕರು.

"ಲೋ, ಇಲ್ಲಿ ನೋಡು," ಅನೌನ್ಸರ್ ಪಿಸುಗುಟ್ಟಿದ. "ನಿಜ ಹೇಳು. ಅವರು ಹೇಳಿಕೊಟ್ಟದ್ದು ತಾನೇ? ನಾನು ಬೇಜಾರು ಮಾಡ್ಕೊಳ್ಳಲ್ಲ."

ಕಪ್ಪು ಕನ್ನಡಕದಲ್ಲಿ ಅವನದೇ ಎರಡು ಪುಟ್ಟ ಮುಖ ಕಂಡವು.

"ಲೋಟದ ತಳ ಸರಿಯಾಗಿ ಉಜ್ಜು," ಎಂದ ಬೈಂಡರ್.

ಮರುದಿನ ಸೂಪರಿಂಟೆಂಡೆಂಟರ ಕೊಠಡಿಯ ನೆಲ ಒರೆಸುವ ಸರದಿ ಅನೌನ್ಸರನದು. ಒರೆಸುತ್ತಿದ್ದಂತೆ ಪ್ರೊಫೆಸರ್ ಗಡಿಯಾರ ನೋಡಿಕೊಂಡು "ಟೀ ಕುಡಿದು ಬರ್ತೀನಿ" ಎಂದು, ಯಾರೂ ಕೇಳದಿದ್ದರೂ ಹೇಳಿ, ಎದ್ದು ಹೋದರು. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಮೈಕು. ಮೈಕಿನ ಬುಡದಲ್ಲಿ ಉರಿಯುವ ಕೆಂಪು ದೀಪ.

ಬೇಕೆಂದೇ ಬಿಟ್ಟು ಹೋದರೇ? ಬೋನಿನಲ್ಲಿಟ್ಟ ಕೊಬ್ಬರಿ ಚೂರು ನೋಡಿದ ಇಲಿಯಂತೆ ಅನೌನ್ಸರ್ ಆ ಕೆಂಪು ದೀಪವನ್ನು ನೋಡಿದ. ಗಾಜಿನಾಚೆ ಓಣಿಯಲ್ಲಿ ಬೈಂಡರ್ ಕಂಡ. ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನಲ್ಲಿ ಕೂತಿದ್ದ. ಬರಿಗಣ್ಣಿನ ಆ ಮುಖ ಮನೆಯಲ್ಲಿ ಕಂಡದ್ದೇ. ಇದಕ್ಕಿಂತ ಒಳ್ಳೆಯ ಗಳಿಗೆ ಬರಲಾರದು. ಯಾರೂ ಹೇಳಿಕೊಡದ, ಅತಿಯಾದ ಒಂದು ಆಜ್ಞೆ ಕೊಡಬೇಕು. 'ಆಗಲ್ಲ ಸಾರ್, ಅವರು ನನ್ನ ಭಾವ' ಎಂದನೋ, ಮುಗಿಯಿತು, ಅವನು ನನ್ನ ಭಾಮೈದ. ಅನ್ನಲಿಲ್ಲವೋ, ಅದೂ ಮುಗಿಯಿತು.

ಅನೌನ್ಸರ್ ಮೈಕಿನೆದುರು ಬಾಗಿದ. ಮೂಗು ತಾನಾಗಿ ಪ್ರೊಫೆಸರರದಾಯಿತು.

"ಅಂದರೆ ಏನಪ್ಪಾ ಅಂದರೆ, ಅನೌನ್ಸರ್ ಕೈದಿಯನ್ನು ಕತ್ತಲೆ ಕೋಣೆಗೆ ಹಾಕಿ. ನಾಳೆಯವರೆಗೆ ಊಟ ಬೇಡ, ನೀರೂ ಬೇಡ. ಈ ಕೆಲಸ ಅವನ ಭಾಮೈದನೇ ಮಾಡತಕ್ಕದ್ದು."

ಗಾಜಿನಾಚೆ ಬೈಂಡರ್ ಎದ್ದು ನಿಂತ. ಎದ್ದವನು ಕದಲಲಿಲ್ಲ. ಅನೌನ್ಸರ್ ತನಗೇ ತಿಳಿಯದಂತೆ, ವೃತ್ತಿಯ ಚಾಳಿಯಿಂದ ಮುಂದುವರಿಸಿದ.

"ಅನೌನ್ಸರ್ ಕೈದಿಯನ್ನು ಕತ್ತಲೆ ಕೋಣೆಗೆ ಹಾಕಿ. ನಾಳೆಯವರೆಗೆ ಊಟ ಬೇಡ, ನೀರೂ ಬೇಡ. ಈ ಕೆಲಸ ಅವನ ಭಾಮೈದನೇ ಮಾಡತಕ್ಕದ್ದು."

ಬೈಂಡರ್ ಸ್ಪೀಕರಿನತ್ತ ಮುಖ ಎತ್ತಿದ. ಆಮೇಲೆ ನಿಧಾನವಾಗಿ ಕನ್ನಡಕ ಏರಿಸಿದ.

"ಆಗಲಿ ಸಾರ್."

ಅನೌನ್ಸರ್ ಮೈಕಿನಿಂದ ಹಿಂದೆ ಸರಿದ. ಒರೆಸುವ ಬಟ್ಟೆ ಬಕೆಟ್ಟಿಗೆ ಹಾಕಿ ಮೆಟ್ಟಿಲಿಳಿಯುವಷ್ಟರಲ್ಲಿ ಬೈಂಡರ್ ಎದುರಾದ.

"ನಡಿ."

'ಅದು ನಾನೇ ಕಣೋ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ತನ್ನ ಆಜ್ಞೆಗೆ ತಾನೇ ಸಿಕ್ಕಿಬಿದ್ದೆನೆಂದು ಹೇಳಿಕೊಳ್ಳುವುದಾದರೂ ಯಾರ ಬಳಿ? ಆಜ್ಞೆ ಪಾಲಿಸಿದವನ ಬಳಿಯೇ? ಓಣಿಯುದ್ದಕ್ಕೂ ನಡೆದ. ಉಳಿದ ಕಾವಲಿನವರು ಗೋಡೆಗೆ ಸರಿದು ದಾರಿ ಬಿಟ್ಟರು. ಒಬ್ಬ ತಲೆ ಬಗ್ಗಿಸಿದ್ದ. ದುಃಖಕ್ಕೋ ಬೇರೆ ಯಾತಕ್ಕೋ ಅವನ ಭುಜ ಅಲುಗುತ್ತಿತ್ತು. ಹೊರಗಿನಿಂದ ಚಿಲಕ ಬಿತ್ತು.

ಕತ್ತಲಲ್ಲಿ ಸೋಪಿನ ಘಾಟು. ಪೊರಕೆ ಕಡ್ಡಿ ಬೆನ್ನಿಗೆ ಚುಚ್ಚುತ್ತಿತ್ತು. ಅಂತೂ ಗೊತ್ತಾಯಿತಲ್ಲ, ಎಂದುಕೊಂಡ. ಮನೆಯಲ್ಲಿ ನನಗೆ ಜ್ವರ ಬಂದರೆ ಮಾತ್ರೆ ತರುವವನು ಇವನು. ಏಣಿ ಹತ್ತಿದರೆ ಕೆಳಗೆ ಹಿಡಿದು ನಿಲ್ಲುವವನೂ ಇವನೇ. ಆ ಏಣಿಯನ್ನು ನೆನೆದು ಅನೌನ್ಸರನ ಅಂಗಾಲು ತಣ್ಣಗಾಯಿತು. ಹೊರಗೆ ಏನೋ ಪಿಸುಪಿಸು. ಯಾರೋ ಮೆಟ್ಟಿಲು ಹತ್ತಿದ ಸದ್ದು. "ಶ್!" ಎಂದ ಸದ್ದು. ಎಲ್ಲರೂ ಇದರಲ್ಲಿದ್ದಾರೆಯೇ? ಇದೇನು ಮಸಲತ್ತು?

ಸ್ಪೀಕರ್ ಗರಗರ ಅಂದಿತು.

"ದಯವಿಟ್ಟು ಗಮನಿಸಿ."

ಅನೌನ್ಸರ್ ಬೆಚ್ಚಿದ. ಅದು ಅವನದೇ ದನಿ. ಅದೇ ರಾಗ, ಅದೇ ಉಸಿರು, ವಾಕ್ಯದ ಕೊನೆಗೆ ಅದೇ ಬಳುಕು. ಯಾವಾಗಲೋ ಕದ್ದು ಧ್ವನಿಮುದ್ರಿಸಿದ್ದಾರೆ, ಎಂದು ಅವನಿಗೆ ಖಾತ್ರಿಯಾಯಿತು.

"ಕತ್ತಲೆ ಕೋಣೆಯಲ್ಲಿ ತಂಗಿರುವ ಪ್ರಯಾಣಿಕರ ಗಮನಕ್ಕೆ. ನಿಮ್ಮನ್ನು ಒಳಗೆ ಹಾಕಿಸಿದ ಮಹಾನು-ಭಾವರು ಕೂಡ ಇದೇ ಗಾಡಿಯಲ್ಲಿ ಪ್ರಯಾಣಿಸುತ್ತಿದ್ದಾರೆ. ತಮಗಾದ ಅನಾನುಕೂಲಕ್ಕೆ ತಾವೇ ವಿಷಾದಿಸತಕ್ಕದ್ದು."

ಒಂದು ಕ್ಷಣ ಬಿಟ್ಟು ಅದೇ ಮಾತು ಇನ್ನೊಮ್ಮೆ, ಚಾಚೂ ತಪ್ಪದೆ, ಬಂತು.

ಓಣಿಯಲ್ಲಿ ನಗೆಯ ಕಟ್ಟೆ ಒಡೆಯಿತು. ಚಿಲಕ ತೆಗೆದದ್ದು ಗಡಿಯಾರ ರಿಪೇರಿಯವನು. ಅವನ ಎರಡೂ ಕಣ್ಣಿನಲ್ಲಿ ನೀರು.

"ಅಲ್ಲಾ ಸ್ವಾಮಿ, ಆ ಪ್ರೊಫೆಸರು ಯಾವತ್ತಾದ್ರೂ ಒಂದು ಮಾತನ್ನ ಎರಡು ಸಲ ಹೇಳಿದ್ದುಂಟಾ? ಇನ್ನೇನು ಮೂರನೇ ಪ್ಲಾಟ್‌ಫಾರಂ ಅನ್ನೋದೊಂದು ಬಾಕಿ ಇತ್ತು!"

ಕೈದಿ, ಕಾವಲು ಎನ್ನದೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಟೀ ಲೋಟ ಹಿಡಿದ ಪ್ರೊಫೆಸರ್ ಎಲ್ಲರ ಹಿಂದೆ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ.

"ಅದ್ಭುತ!" ಎಂದರು ಅವರು ಮೂಗಿನಲ್ಲಿ. "ನಾನು ಯಾರಿಗೂ ಏನೂ ಹೇಳಿಕೊಟ್ಟಿಲ್ಲ, ಹಾಂ."

ಅದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ.

ಬೈಂಡರ್ ಮೈಕಿನ ಕೊಠಡಿಯಿಂದ ಮೆಟ್ಟಿಲಿಳಿದು ಬಂದ. ಕನ್ನಡಕ ಕೈಯಲ್ಲಿತ್ತು. ಎಲ್ಲರೂ ಅವನ ಬೆನ್ನು ತಟ್ಟುವವರೇ. ಅನೌನ್ಸರ್ ಅವನ ತೋಳು ಹಿಡಿದು ಪಕ್ಕಕ್ಕೆಳೆದ.

"ಗೊತ್ತಿತ್ತಾ ನಿನಗೆ?"

"ಎ… ಎರಡನೇ ಸಲ ಹೇಳಿದಾಗ ಗೊತ್ತಾಯ್ತು ಭಾವ."

"ಮೊದಲನೇ ಸಲ ಎದ್ದು ನಿಂತೆಯಲ್ಲ. ಯಾಕೆ? ಒಳಗೆ ಹಾಕೋಕಾ, ಆಗಲ್ಲ ಅನ್ನೋಕಾ?"

ಬೈಂಡರ್ ಕನ್ನಡಕದ ಕಡ್ಡಿ ಮಡಿಸಿದ, ಬಿಡಿಸಿದ. ಅವನ ಬರಿಗಣ್ಣು ಭಾವನ ಮುಖದ ಮೇಲೆ ನೆಟ್ಟಿತ್ತು.

"ಅ… ಅದು ನನಗೂ ಗೊತ್ತಿಲ್ಲ ಭಾವ."

ಆ ತೊದಲು ಮರಳಿ ಬಂದದ್ದೋ, ಇಲ್ಲಾ ತನ್ನ ಅಣಕಕ್ಕೆ ಅವನು ಹಿಡಿದ ಕನ್ನಡಿಯೋ? ಅನೌನ್ಸರ್ ಅವನ ತುಟಿಯನ್ನೇ ದಿಟ್ಟಿಸಿದ. ಪತ್ತೆಯಾಗಲಿಲ್ಲ. ಸುತ್ತ ಎಲ್ಲರೂ ಅವನ ಮುಖ ನೋಡುತ್ತಿದ್ದರು, ಏನಾದರೂ ಮಾಡಲಿ ಎಂದು ಕಾಯುತ್ತಿದ್ದರು. ಅಂಥ ಹೊತ್ತಿನಲ್ಲಿ ಮನುಷ್ಯ ಮಾಡಬಹುದಾದದ್ದು ಒಂದೇ ಎಂಬುದು ಅವನಿಗೆ ಆಗ ಹೊಳೆಯಿತು. ಅವನು ನಕ್ಕ. ಮೊದಲು ಗಂಟಲಿನಿಂದ ನಕ್ಕ, ಆಮೇಲೆ ಹೊಟ್ಟೆಯಿಂದ, ಆಮೇಲೆ ಗೋಡೆ ಹಿಡಿದುಕೊಂಡು ನಕ್ಕ. ಉಳಿದವರ ನಗೆ ಮುಗಿದು ಒಬ್ಬೊಬ್ಬರೇ ಕಣ್ಣೊರೆಸಿಕೊಂಡು ಚದುರತೊಡಗಿದರೂ ಅವನದು ನಿಲ್ಲಲಿಲ್ಲ. ಪ್ರೊಫೆಸರ್ ಟೀ ಲೋಟ ಕೆಳಗಿಟ್ಟು ಅವನನ್ನೇ ನೋಡಿದರು.

ಬೈಂಡರ್ ಹತ್ತಿರ ಬಂದು, ನೆತ್ತಿಗೆ ಹತ್ತಿದವರಿಗೆ ತಟ್ಟುವಂತೆ ಅವನ ಬೆನ್ನು ತಟ್ಟಿದ.

"ಸಾ… ಸಾಕು ಮಾಡಿ ಭಾವ. ಅವರೆಲ್ಲಾ ನಿಲ್ಲಿಸಿದಾರೆ."

ಅನೌನ್ಸರ್ ಇನ್ನೂ ಜೋರಾಗಿ ನಕ್ಕ.